ಕೇಸರಿ ಬೇಳೆ ತೆರೆದಿಟ್ಟ ಈಸ್ಟ್ರೋಜನ್ ಕತೆ

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಕಲ್ಲುಗುಡಿಗಳಿಗೆ ಹೆಸರಾದ ಊರು. ಯಾದಗಿರಿ, ಕಲಬುರಗಿ ಸೀಮೆಯ ಎಲ್ಲ ಊರುಗಳಂತೆ ಇಲ್ಲಿಯೂ ತೊಗರಿಯಿಲ್ಲದೆ ಅಡುಗೆಯಿಲ್ಲ. ಈ ತೊಗರಿ ಬೇಳೆಗೆ ಬಣ್ಣದಲ್ಲೂ ಆಕಾರದಲ್ಲೂ ಹತ್ತಿರವಾದ, ಅಗ್ಗದ ಇನ್ನೊಂದು ಬೇಳೆಯಿದೆ. ಅದು ಕೇಸರಿ ಬೇಳೆ. ಕಲಬೆರಕೆ ಮಾಡುವವರಿಗೆ ಅಚ್ಚುಮೆಚ್ಚಿನದು. 1961ರಲ್ಲಿ ಸರ್ಕಾರ ಅದರ ಮಾರಾಟವನ್ನೇ ನಿಷೇಧಿಸಿತು. ಬರಗಾಲದಲ್ಲಿ ಬೇರೇನೂ ಸಿಗದೆ ತಿಂಗಳುಗಟ್ಟಲೆ ಅದನ್ನೇ ಉಂಡವರ ಕಾಲುಗಳು ಸೆಟೆದುಕೊಂಡು, ಕೋಲೂರದೆ ನಡೆಯಲಾಗದ ಸ್ಥಿತಿ ಬರುತ್ತಿತ್ತು. ಲ್ಯಾಥಿರಿಸಂ ಎಂಬ ಈ ಕಾಯಿಲೆಯನ್ನು ನೋಡಿದ ವೈದ್ಯರಿಗೆ ಒಂದು ಸಂಗತಿ ಬಹುಕಾಲ ಒಗಟಾಗಿತ್ತು. ಒಂದೇ ಮನೆ, ಒಂದೇ ಬೇಳೆ. ಆದರೂ ಕಾಲು ಕಳೆದುಕೊಂಡವರಲ್ಲಿ ಗಂಡಸರೇ ಹೆಚ್ಚು. ಮುಟ್ಟಾಗುವ ವಯಸ್ಸಿನ ಹೆಂಗಸರು ಬಹುಮಟ್ಟಿಗೆ ಪಾರಾಗುತ್ತಿದ್ದರು.

ಈ ಒಗಟಿನ ಬೆನ್ನು ಹತ್ತಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧನೆ ನಡೆಸಿ, ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದ ವಿಜ್ಞಾನಿ ಅವರು. ಕೇಸರಿ ಬೇಳೆಯ ವಿಷ ಗ್ಲುಟಾಮೇಟ್ ಎಂಬ ಮಿದುಳಿನ ಸಂದೇಶವಾಹಕದ ವೇಷ ಹಾಕಿಕೊಂಡು ನರಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಆಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಮೊದಲ ಘಟ್ಟದ ಕಿಣ್ವ, ತುಕ್ಕು ಹಿಡಿದ ಯಂತ್ರದಂತೆ ನಿಂತುಬಿಡುತ್ತದೆ. ಗಂಡು ಇಲಿಗಳಲ್ಲಿ ಹೀಗಾಯಿತು, ಹೆಣ್ಣು ಇಲಿಗಳಲ್ಲಿ ಆಗಲಿಲ್ಲ. ಆದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕೆಲಸ ಮಾಡದಂತೆ ತಡೆಯುವ ಮದ್ದನ್ನು ಮೊದಲೇ ಕೊಟ್ಟಾಗ ಹೆಣ್ಣು ಇಲಿಗಳೂ ವಿಷಕ್ಕೆ ಸಿಕ್ಕಿಬಿದ್ದವು.

ಕಾರಣವೂ ಸಿಕ್ಕಿತು. ಗ್ಲುಟರೆಡಾಕ್ಸಿನ್ ಎಂಬ ಪ್ರೋಟೀನು ಆ ತುಕ್ಕನ್ನು ಕಳೆಯುತ್ತದೆ. ಅದು ಹೆಣ್ಣು ಇಲಿಗಳ ಮಿದುಳಿನಲ್ಲಿ ಮೊದಲಿನಿಂದಲೇ ಹೆಚ್ಚಿರುತ್ತದೆ, ಮತ್ತು ಅದನ್ನು ಹೆಚ್ಚಾಗಿಟ್ಟಿರುವುದು ಈಸ್ಟ್ರೋಜನ್. 2004ರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಹಾನಿ ತರುವ ಮತ್ತೊಂದು ವಿಷದ ಮೇಲೆ, 2006ರಲ್ಲಿ ಕೇಸರಿ ಬೇಳೆಯ ವಿಷದ ಮೇಲೆ ಅವರ ತಂಡ ಈ ಫಲಿತಾಂಶಗಳನ್ನು ಪ್ರಕಟಿಸಿತು. ಹೆರಿಗೆಯ ಹಾರ್ಮೋನು ಎಂದು ನಾವು ಬದಿಗಿಟ್ಟಿದ್ದ ಈಸ್ಟ್ರೋಜನ್ ಮಿದುಳಿನ ಕಾವಲಿಗೂ ನಿಂತಿದೆ ಎಂಬುದಕ್ಕೆ ಬಡವರ ಬೇಳೆಯೊಂದು ಸಾಕ್ಷಿಯಾದದ್ದು ನಮ್ಮ ವಿಜ್ಞಾನದ ದೊಡ್ಡ ಕತೆಗಳಲ್ಲಿ ಒಂದು. ಅದು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕಿತ್ತು.

ಕಾವಲಷ್ಟೇ ಅಲ್ಲ. 1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ವೂಲಿ, ಬ್ರೂಸ್ ಮೆಕ್ಯೂಯೆನ್ ಮತ್ತು ಅವರ ಸಂಗಡಿಗರು ಹೆಣ್ಣು ಇಲಿಗಳ ಹಿಪೊಕ್ಯಾಂಪಸ್ ಅನ್ನು, ಅಂದರೆ ನೆನಪು ಕೂಡಿಡುವ ಭಾಗವನ್ನು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಮೇಲಿನ ಸಣ್ಣ ಮುಳ್ಳುಗಳಂಥ ಸಂಪರ್ಕತಾಣಗಳು ನಾಲ್ಕೈದು ದಿನಗಳ ಋತುಚಕ್ರದೊಳಗೇ ಹೆಚ್ಚುತ್ತ ಕಡಿಮೆಯಾಗುತ್ತ ಇದ್ದವು. ಈಸ್ಟ್ರೋಜನ್ ಏರಿದಾಗ ಅವೂ ಏರಿದವು.

ಹಾಗಿದ್ದರೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಮಾತ್ರೆ ನುಂಗಿ ಮರೆವನ್ನು ತಡೆಯಬಹುದೇ? ಬಹಳ ವೈದ್ಯರು ಹಾಗೆಯೇ ನಂಬಿದ್ದರು. 2003ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. 65 ದಾಟಿದ ಸುಮಾರು 4,500 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ನನ್ನು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಜೊತೆ ಕೊಡಲಾಗಿತ್ತು, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಹಾರ್ಮೋನು ಪಡೆದವರಲ್ಲಿ 40 ಮಂದಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಬಂತು, ಪಡೆಯದವರಲ್ಲಿ 21 ಮಂದಿಗೆ. ರಕ್ಷಣೆ ಹಾಗಿರಲಿ, ಅಪಾಯ ಇಮ್ಮಡಿಯಾಗಿತ್ತು. ಮುಟ್ಟು ನಿಂತ ಹೊಸತರಲ್ಲೇ ಹಾರ್ಮೋನು ಕೊಟ್ಟು ನೋಡಿದ ಮತ್ತೊಂದು ಪರೀಕ್ಷೆಯಲ್ಲಿ ನಾಲ್ಕು ವರ್ಷವಾದರೂ ನೆನಪಿಗೆ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಹಾರ್ಮೋನು ಇಲ್ಲದೆ ಹತ್ತು ಹದಿನೈದು ವರ್ಷ ಕಳೆದ ಮಿದುಳು ಅದನ್ನು ಮೊದಲಿನಂತೆ ಬರಮಾಡಿಕೊಳ್ಳುವುದಿಲ್ಲ ಎಂಬುದು ಅನೇಕ ಸಂಶೋಧಕರ ಊಹೆ. ಹಾಗಾಗಿ ಮರೆವು ತಡೆಯಲೆಂದೇ ಯಾರೂ ಹಾರ್ಮೋನು ತೆಗೆದುಕೊಳ್ಳುವಂತಿಲ್ಲ. ಮೈ ಬಿಸಿಯೇರುವುದು, ನಿದ್ದೆಗೆಡುವುದು ಮುಂತಾದ ತೊಂದರೆಗಳಿಗೆ ವೈದ್ಯರು ಬರೆದುಕೊಡುವುದು ಬೇರೆ ಮಾತು.

ಆದರೆ ಮುಟ್ಟು ತಾನಾಗಿ ನಿಲ್ಲುವುದು ಒಂದು, ಕತ್ತರಿಯಿಂದ ನಿಲ್ಲಿಸುವುದು ಇನ್ನೊಂದು. ಕಲ್ಯಾಣ ಕರ್ನಾಟಕದ ಓದುಗರು ಮನಸ್ಸಿಟ್ಟು ಕೇಳಬೇಕಾದ ಭಾಗ ಇದು.

ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ರೋಕಾ ಮತ್ತು ಅವರ ಸಂಗಡಿಗರು 1950ರಿಂದ 1987ರವರೆಗೆ, ಈಸ್ಟ್ರೋಜನ್ ಒಸರುವ ಅಂಡಾಶಯವನ್ನು ತೆಗೆಸಿಕೊಂಡ ಮಿನೆಸೋಟದ ಹೆಂಗಸರ ಮುಂದಿನ ಬದುಕನ್ನು ಪರಿಶೀಲಿಸಿ 2007ರಲ್ಲಿ ವರದಿ ಮಾಡಿದರು. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ಕಳೆದುಕೊಂಡವರಲ್ಲಿ ಬುದ್ಧಿಶಕ್ತಿ ಕುಂದುವ ಅಥವಾ ಡಿಮೆನ್ಷಿಯಾ ಬರುವ ಅಪಾಯ ಸುಮಾರು ಒಂದೂವರೆ ಪಟ್ಟು. ಶಸ್ತ್ರಚಿಕಿತ್ಸೆಯಾದಾಗಿನ ವಯಸ್ಸು ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೂ, ಅದು ವಾಡಿಕೆಗಿಂತ ಕೆಲವು ವರ್ಷ ಮೊದಲೇ ಸೊರಗುವುದುಂಟು.

ಈಗ ಕಲಬುರಗಿಯತ್ತ ನೋಡಬೇಕು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು 2015ರ ಹೊತ್ತಿಗೆ ತನಿಖೆಗೆ ಬಂದವು. ಅವರಲ್ಲಿ 40 ದಾಟದವರು ಅನೇಕರು. 2017ರ ಫೆಬ್ರುವರಿಯಲ್ಲಿ ನ್ಯಾಯ ಕೇಳಿ ಆ ಹೆಂಗಸರೇ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ನಿಂತರು. ದೇಶದ ಲೆಕ್ಕವೂ ಸಮಾಧಾನದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಅವರಲ್ಲಿ ಅರ್ಧದಷ್ಟು ಮಂದಿಗೆ 35ರ ಆಸುಪಾಸಿನೊಳಗೇ ಅದು ಆಗಿದೆ. ಈ ಅನ್ಯಾಯದ ಚರ್ಚೆಯಲ್ಲಿ ಸೊಂಟನೋವು, ಸುಸ್ತು, ಕೂಲಿಗೆ ಹೋಗಲಾಗದ ಸಂಕಟ ಕೇಳಿಬಂದವು. ಮಿದುಳಿನ ಮಾತು ಬರಲೇ ಇಲ್ಲ.

ಬರಬೇಕು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಶಾಲೆ ಕಂಡವರಿಗಿಂತ ಕಾಣದವರಲ್ಲಿ ಅದು ಹೆಚ್ಚು. ಇದರ ಹಿಂದೆ ಕಾರಣಗಳು ಹಲವು. ಹಾರ್ಮೋನು ಅವುಗಳಲ್ಲಿ ಒಂದು ಮಾತ್ರ. ರವೀಂದ್ರನಾಥ್ ಸ್ಥಾಪಕ ನಿರ್ದೇಶಕಿಯಾಗಿದ್ದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. 10,000 ಮಂದಿಯನ್ನು ಸೇರಿಸಿಕೊಳ್ಳುವ ಗುರಿ ಅದರದು. ಇಂಥದೊಂದು ಅಧ್ಯಯನ ಭೀಮಾ ತೀರಕ್ಕೂ ಬರಬೇಕು.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಮೇಯೋ ವರದಿಯಲ್ಲಿ ಇನ್ನೊಂದು ಮಾತಿತ್ತು: ಅಂಡಾಶಯ ಹೋದರೂ 50ರ ವಯಸ್ಸಿನವರೆಗೆ ಈಸ್ಟ್ರೋಜನ್ ಪಡೆದವರಲ್ಲಿ ಆ ಹೆಚ್ಚಿನ ಅಪಾಯ ಕಾಣಲಿಲ್ಲ. ಸ್ತನ ಕ್ಯಾನ್ಸರಿನಂಥ ಅಡ್ಡಿಗಳಿಲ್ಲದಿದ್ದರೆ ಇಂಥವರಿಗೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದು ಇಂದಿನ ವೈದ್ಯಕೀಯ ಸಲಹೆ. ಶಿರವಾಳದಲ್ಲಾಗಲಿ ಸುರಪುರದಲ್ಲಾಗಲಿ, ಚಿಕ್ಕ ವಯಸ್ಸಿಗೆ ಗರ್ಭಕೋಶ ತೆಗೆಸಿಕೊಂಡವರು ತಮ್ಮ ಡಿಸ್ಚಾರ್ಜ್ ಚೀಟಿಯನ್ನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವೈದ್ಯರಿಗೆ ತೋರಿಸಿ, ಅಂಡಾಶಯ ಉಳಿದಿದೆಯೇ ಎಂದು ಕೇಳಬಹುದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಯೂ ಅದೇ.