ಮದುವೆಯೆಲ್ಲ ಕೆಂಪಗಾಯಿತೇಕೆ?

ಗಜೇಂದ್ರಗಡದ ಯುವ ಓದುಗರೊಬ್ಬರ ಪ್ರಶ್ನೆ: “ಮದುವಿ ಶೂಟಿಂಗ್ ಎಲ್ಲಾ ಇಂಪೋರ್ಟ್ ಮಾಡಿ ಅರ್ಧ ಮಿಕ್ಸಿಂಗ್ ಮುಗಿಸಿದ್ದೆ. ನನ್ನ ಕಂಪ್ಯೂಟರ್ ಭಾಳ ನಿಧಾನ ಆತಂತ ಪ್ರಾಜೆಕ್ಟ್ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ರೋಣದಾಗಿನ ಗೆಳೆಯಾನ ಸ್ಟುಡಿಯೋಕ್ಕ ಹೋದೆ. ತೆರೆದು ನೋಡಿದ್ರ ಎಲ್ಲಾ ಕೆಂಪಗ! ವೈರಸ್ ಏನ್ರಿ?”

ವೈರಸ್ ಅಲ್ಲ. ಮದುವೆ ಗಜೇಂದ್ರಗಡದಲ್ಲೇ ಇದೆ, ರೋಣಕ್ಕೆ ಬಂದೇ ಇಲ್ಲ.

ಪ್ರೀಮಿಯರ್‌ನಂಥ ಎಡಿಟಿಂಗ್ ತಂತ್ರಾಂಶಗಳಲ್ಲಿ ‘ಇಂಪೋರ್ಟ್’ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಒಂದು ಚಿತ್ರವೂ ಒಳಗೆ ಬರುವುದಿಲ್ಲ. ಕ್ಲಿಪ್ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನಷ್ಟೇ ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ. ಪಹಣಿಯನ್ನು ಕಿಸೆಯಲ್ಲಿಟ್ಟುಕೊಂಡು ಪರಊರಿಗೆ ಹೋದರೆ ಹೊಲ ಹಿಂದೆ ಬರುತ್ತದೆಯೇ? ಅನುಮಾನವಿದ್ದರೆ ಲೆಕ್ಕ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ 4ಕೆ ವಿಡಿಯೋ ಗಂಟೆಗೆ 45 ಜಿಬಿ ನುಂಗುತ್ತದೆ. ಪ್ರಾಜೆಕ್ಟ್ ಫೈಲ್ ನೋಡಿದರೆ ಕೆಲವೇ ಎಂಬಿ. ಅಷ್ಟರಲ್ಲಿ ಬೀಗರೆಲ್ಲ ಹಿಡಿಸುವುದುಂಟೇ?

ನನಗೆ ಬಹಳ ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ಪ್ರೀಮಿಯರ್ ಪ್ರಾಜೆಕ್ಟ್ ಫೈಲೆಂದರೆ ಒತ್ತಿ ಚಿಕ್ಕದು ಮಾಡಿದ ಬರೀ ಪಠ್ಯ. ಅದರ ಒಂದು ಪ್ರತಿಯನ್ನು (ಮೂಲವನ್ನಲ್ಲ, ದಯವಿಟ್ಟು!) ಸೆವೆನ್‌ಜಿಪ್‌ನಲ್ಲಿ ಬಿಡಿಸಿ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸಾವಿರಾರು ಸಾಲುಗಳು ಬಿಚ್ಚಿಕೊಳ್ಳುತ್ತವೆ. ನಡುನಡುವೆ ನಿಮ್ಮ ಫೋಲ್ಡರುಗಳ ಹೆಸರು ಕಾಣುತ್ತದೆ. ಉಳಿದದ್ದು ಬಹುಪಾಲು ಅಂಕಿಗಳು: ಈ ಕ್ಲಿಪ್ಪನ್ನು ಇಲ್ಲಿಂದ ಇಲ್ಲಿಯವರೆಗೆ ತೋರಿಸು, ಆಮೇಲೆ ಆ ಕ್ಲಿಪ್ಪಿಗೆ ಹಾರು. ನೀವು ‘ಕಟ್’ ಮಾಡಿದಾಗ ಮೂಲ ವಿಡಿಯೋಕ್ಕೆ ಗೀರೂ ಬೀಳುವುದಿಲ್ಲ, ಎರಡು ಅಂಕಿ ಬದಲಾಗುತ್ತವೆ, ಅಷ್ಟೆ. ಅಕ್ಷತೆ ಬೀಳುವ ದೃಶ್ಯವನ್ನು ಹತ್ತು ಸಲ ಬಳಸಿದರೂ ವಿಡಿಯೋ ಡಿಸ್ಕಿನಲ್ಲಿರುವುದು ಒಂದೇ ಸಲ.

ಆ ವಿಳಾಸದಲ್ಲಿ ಕ್ಲಿಪ್ ಸಿಗದಿದ್ದರೆ ಪ್ರೀಮಿಯರ್ ಕೆಂಪು ಪರದೆ ತೋರಿಸಿ, ‘ಮೀಡಿಯಾ ಆಫ್‌ಲೈನ್’ ಎಂದು ಹಲವು ಭಾಷೆಗಳಲ್ಲಿ ಹೇಳುತ್ತದೆ. ಕನ್ನಡ ಅದರಲ್ಲಿಲ್ಲ. ಬೇರೆ ಊರಿಗೇ ಹೋಗಬೇಕೆಂದಿಲ್ಲ. ಹಾರ್ಡ್ ಡಿಸ್ಕ್ ಕಿತ್ತು ಮತ್ತೆ ಜೋಡಿಸಿದಾಗ ವಿಂಡೋಸ್ ಅದನ್ನು ‘ಇ’ ಬದಲು ‘ಎಫ್’ ಎಂದು ಕರೆದರೂ ಸಾಕು, ಮದುವೆ ಕೆಂಪಗಾಗುತ್ತದೆ. ದೃಷ್ಟಿಯಾಯಿತೆಂದು ಸಿಪಿಯುಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರಿದ್ದಾರೆ. ಕಟ್ಟಿಕೊಳ್ಳಲಿ, ಆದರೆ ನಿಂಬೆಹಣ್ಣಿಗೆ ಫೈಲಿನ ವಿಳಾಸ ಓದಲು ಬರುವುದಿಲ್ಲ. ‘ಲಿಂಕ್ ಮೀಡಿಯಾ’ ಒತ್ತಿ ಒಂದು ಕ್ಲಿಪ್ ಎಲ್ಲಿದೆಯೆಂದು ತೋರಿಸಿದರೆ, ಅದೇ ಫೋಲ್ಡರಿನ ಉಳಿದವನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ.

ನಿಜವಾದ ಅಪಾಯವೇ ಬೇರೆ. ಕ್ಯಾಮೆರಾದ ಕಾರ್ಡಿನಿಂದ ನೇರವಾಗಿ ಇಂಪೋರ್ಟ್ ಮಾಡಿ, ಎಲ್ಲ ಒಳಗೆ ಬಂತೆಂದು ನಂಬಿ, ಮರುದಿನದ ಸಾಮೂಹಿಕ ವಿವಾಹಕ್ಕೆ ಅದೇ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು! ಕೆಲವು ಕ್ಯಾಮೆರಾಗಳು ಫಾರ್ಮ್ಯಾಟ್ ಆದ ಮೇಲೆ ಮತ್ತೆ ಮೊದಲ ಸಂಖ್ಯೆಯಿಂದಲೇ ಕ್ಲಿಪ್ಪಿಗೆ ಹೆಸರಿಡುತ್ತವೆ. ಆಗ ವಿಳಾಸವೂ ಅದೇ, ಹೆಸರೂ ಅದೇ. ಹಳೆಯ ಪ್ರಾಜೆಕ್ಟ್ ತೆರೆದರೆ ಮೊದಲ ಮದುವೆಯ ವಧುವಿನ ಜಾಗದಲ್ಲಿ ಬೇರೊಬ್ಬರ ವಧು ಬಂದು ನಿಂತಿರಬಹುದು.

ಹೀಗಾದರೆ ಆ ಕಾರ್ಡಿಗೆ ಮತ್ತೇನನ್ನೂ ಬರೆಯಬೇಡಿ. ಫಾರ್ಮ್ಯಾಟ್ ಸಾಮಾನ್ಯವಾಗಿ ಅಳಿಸುವುದು ಫೈಲುಗಳ ಪಟ್ಟಿಯನ್ನು ಮಾತ್ರ. ಹೊಸ ವಿಡಿಯೋ ಮೇಲೆ ಕೂರುವವರೆಗೆ ಹಳೆಯದು ಉಳಿದಿರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಎಷ್ಟೋ ಸಲ ಅದನ್ನು ಹೆಕ್ಕಿ ಕೊಡುತ್ತದೆ.

ಆದ್ದರಿಂದ ಮೊದಲು ಇಡೀ ಕಾರ್ಡನ್ನು ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಇಂಪೋರ್ಟ್. ‘ಇಡೀ’ ಎಂದಿದ್ದಕ್ಕೆ ಕಾರಣವಿದೆ. ಎವಿಸಿಎಚ್‌ಡಿ ಕ್ಯಾಮ್‌ಕಾರ್ಡರ್‌ಗಳು ದೀರ್ಘ ಚಿತ್ರೀಕರಣವನ್ನು ತುಂಡು ಮಾಡಿ ಬರೆಯುತ್ತವೆ, ಏಕೆಂದರೆ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ತುಂಡುಗಳನ್ನು ಜೋಡಿಸುವ ಮಾಹಿತಿ ಪಕ್ಕದ ಸಣ್ಣ ಫೈಲುಗಳಲ್ಲಿರುತ್ತದೆ. ಬರೀ ವಿಡಿಯೋ ಫೈಲು ಎಳೆದುಕೊಂಡರೆ ಜೋಡಣೆಯ ಜಾಗದಲ್ಲಿ ಕ್ಷಣಮಾತ್ರ ಧ್ವನಿ ಹಾರಿಹೋಗಬಹುದು. ಅದು ‘ಮಾಂಗಲ್ಯಂ ತಂತುನಾನೇನ’ದ ನಡುವೆಯೇ ಬಿತ್ತೋ, ಬೀಗರಿಗೆ ಉತ್ತರ ಹೇಳುವವರು ಯಾರು?

ಫೋಲ್ಡರಿಗೆ ಹೆಸರಿಡುವಾಗ ವರ್ಷ ಮೊದಲಿರಲಿ: 2025-05-09 ರೋಣ, 2025-05-11 ನರಗುಂದ. ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಕುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ದಿನ ಮೊದಲಿಟ್ಟರೆ ಎಲ್ಲ ತಿಂಗಳ 9ನೇ ತಾರೀಕುಗಳೂ ಒಂದೆಡೆ ಗುಂಪುಗೂಡುತ್ತವೆ. ಪ್ರಾಜೆಕ್ಟ್ ಫೈಲೂ ಆಯಾ ಫೋಲ್ಡರಿನೊಳಗೇ ಇರಲಿ. ಊರು ಬದಲಿಸುವಾಗ ಇಡೀ ಫೋಲ್ಡರನ್ನು ಹೊತ್ತೊಯ್ಯಿರಿ.

ಮದುವೆ ಮನೆಯವರಿಗೂ ಒಂದು ಮಾತು. ಮಿಕ್ಸಿಂಗ್ ಆದ ವಿಡಿಯೋ ಕೈಗೆ ಬಂದ ಮೇಲೆ ಸ್ಟುಡಿಯೋದವರು ಮುಂದಿನ ಸೀಸನ್ನಿಗೆಂದು ಡಿಸ್ಕ್ ಖಾಲಿ ಮಾಡುವುದು ಸಹಜ. ಅದಕ್ಕೂ ಮೊದಲೇ ನಿಮ್ಮದೇ ಹಾರ್ಡ್ ಡಿಸ್ಕ್ ಕೊಟ್ಟು ಮೂಲ ಕ್ಲಿಪ್ಪುಗಳನ್ನೂ ತುಂಬಿಸಿಕೊಳ್ಳಿ.