ನೆರೆ ಬಂತು, ನೆರೆಯವರೂ ಬಂದರು

2009ರ ಮುಂಗಾರು ನಮ್ಮ ಸೀಮೆಯನ್ನು ಒಣಗಿಸಿ ಹಾಕಿತ್ತು. ದೇಶಕ್ಕೆಲ್ಲ ಸೇರಿ ಆ ವರ್ಷ ಮಳೆ ನೂರಕ್ಕೆ 22 ಪಾಲು ಕಮ್ಮಿ. ಶೇಂಗಾ ಹೂವಿಗೆ ಬಂದಲ್ಲೇ ಬಾಡಿತು. ದನ ಮಾರೋರು ಸಂತೆಗೆ ಸಾಲುಗಟ್ಟಿದ್ದರು. ಇದರ ಮೇಲೆ ಸೆಪ್ಟೆಂಬರ್ 2ಕ್ಕೆ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲದಲ್ಲಿ ಬಿತ್ತು. ಬರಗಾಲ ಒಂದು ಕಡೆ, ಸೂತಕ ಒಂದು ಕಡೆ. ಹಂಗೇ ದಸರೆ ಬಂತು. ಸೆಪ್ಟೆಂಬರ್ 28ರಂದು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅಂದೆವು. ಮಳೆ ಹಿಡೀತು. ಮೊದಲ ದಿನ ಮಂದಿ ಅಂಗಳಕ್ಕೆ ಬಂದು ಮುಗಿಲಿಗೆ ಕೈ ಮುಗಿದರು, ಸುಳ್ಳಲ್ಲ.

ಮೂರನೇ ದಿನಕ್ಕೆ ಕೈ ಮುಗಿಯೋರು ಯಾರೂ ಉಳಿಯಲಿಲ್ಲ.

ತುಂಗಭದ್ರೆ ತುಂಬಿದರೆ ಹೊಸಪೇಟೆ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಅಂತ ಹೊಳೆ ದಂಡೆಯವರ ಲೆಕ್ಕ. ಡ್ಯಾಮಿನವರು ಮೊದಲೇ ಸುದ್ದಿ ಕಳಿಸುತ್ತಾರೆ, ನೀರು ಬರೋಕೆ ಒಂದು ದಿನವಾದರೂ ಸಮಯ ಇರುತ್ತದೆ, ಅಷ್ಟರಲ್ಲಿ ಪಂಪ್‌ಸೆಟ್ಟು ಬಿಚ್ಚಿಕೊಂಡು ದಿಬ್ಬಕ್ಕೆ ಬರಬಹುದು. ಈ ಸಲ ಹಂಗಾಗಲಿಲ್ಲ. ಮಳೆ ಡ್ಯಾಮಿನ ಕೆಳಗಿನ ಬಯಲಲ್ಲೇ ಸುರಿಯಿತು. ರಾಯದುರ್ಗ, ಬಳ್ಳಾರಿ ಸೀಮೆ ದಾಟಿ ಬರುವ ಹಗರಿ, ವರ್ಷಗಟ್ಟಲೆ ಬರೀ ಮರಳು ತೋರಿಸೋ ಹಗರಿ, ಎದ್ದು ಬಂದು ಹೊಳೆ ಸೇರಿತು. ಹೆಸರಿಲ್ಲದ ಹಳ್ಳಗಳೆಲ್ಲ ಸೇರಿದವು. ಕೌತಾಳಂ, ಕೋಸಿಗಿ, ಮಂತ್ರಾಲಯಂ, ನಂದವರಂ ಈಚೆ ದಂಡೆ. ಮಾನ್ವಿ, ರಾಯಚೂರು ತಾಲೂಕುಗಳ ಊರುಗಳು ಆಚೆ ದಂಡೆ. ಎರಡೂ ಕಡೆ ಒಂದೇ ರಾತ್ರಿ ನೀರು ಹೊಕ್ಕಿತು.

ತಾರೀಖು ನೋಡಿ: ಅಕ್ಟೋಬರ್ 1, 2. ಇದೇ ಅಕ್ಟೋಬರ್ 1ರಂದು 1953ರಲ್ಲಿ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಗಿತ್ತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ. ಅವತ್ತು ರಾಜಧಾನಿ ಆದ ಊರೂ ಕರ್ನೂಲೇ. ಗಡಿ ಗೆರೆ ಎಳೆದ ದಿನವೇ ಹೊಳೆ ಬಂದು ಆ ಗೆರೆಯನ್ನು ನೀರೊಳಗೆ ಮುಳುಗಿಸಿತು.

ಎರಡು ಭಾಷೆಯಲ್ಲಿ ಪದ್ಯ ಕಟ್ಟೋ ನನ್ನಂಥವನಿಗೆ ಒಂದು ಮಾತು ಸದಾ ತಲೆ ತಿನ್ನುತ್ತದೆ. ತೆಲುಗಿನಲ್ಲಿ ಹೊಳೆ ಉಕ್ಕಿ ಬರೋದಕ್ಕೆ ‘ವರದ’ ಅಂತಾರೆ. ಕನ್ನಡದಲ್ಲಿ ವರದ ಅಂದರೆ ವರ ಕೊಡೋನು. ಕನ್ನಡದವರು ಅದಕ್ಕೆ ‘ನೆರೆ’ ಅಂತಾರೆ. ನೆರೆ ಅಂದರೆ ಪಕ್ಕದ ಮನೆಯೂ ಹೌದು. ಇದನ್ನು ಹೇಳಿದರೆ ನನ್ನ ಹೆಂಡತಿ ‘ಮೊದಲು ಜ್ವಾಳದ ಚೀಲ ಅಟ್ಟಕ್ಕೆ ಹಾಕ್ರಿ, ಆಮ್ಯಾಲೆ ಕವಿತ್ವ’ ಅಂದಳು. ಖರೇನ.

ಮಂತ್ರಾಲಯದ ಸುದ್ದಿ ಎಲ್ಲ ಪೇಪರಿನಲ್ಲಿ ಬಂತು. ರಾಯರ ಮಠದೊಳಗೆ ನೀರು ನುಗ್ಗಿತು, ಯಾತ್ರೆಗೆ ಬಂದ ಮಂದಿ ಮೇಲಿನ ಅಂತಸ್ತು ಹಿಡಿದು ಕೂತರು, ಹೆಲಿಕಾಪ್ಟರ್ ಬಂತು. ಕರ್ನೂಲಿನ ಸುದ್ದಿಯೂ ಬಂತು. ಮೇಲಿಂದ ತುಂಗಭದ್ರೆ, ಪಕ್ಕದಿಂದ ಹಂದ್ರಿ, ಕೆಳಗಿಂದ ಶ್ರೀಶೈಲದ ಹಿನ್ನೀರು, ಮೂರೂ ಸೇರಿ ಊರನ್ನು ಹಿಂಡಿದವು ಅಂತ ಅಲ್ಲಿಯವರು ಈಗಲೂ ಹೇಳುತ್ತಾರೆ. ಶುಕ್ರವಾರ ಹಳೇ ಊರಿನ ಮಾಳಿಗೆಗಳು ಮಾತ್ರ ಕಾಣುತ್ತಿದ್ದವು. ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ಸ್ ನೀರು ಬಂದು ಬಿತ್ತು. ಆ ಕಟ್ಟೆ 19 ಲಕ್ಷಕ್ಕೆ ಲೆಕ್ಕ ಹಾಕಿ ಕಟ್ಟಿದ್ದು. ಪೂರ್ತಿ ತುಂಬಿದರೆ 885 ಅಡಿ ಇರಬೇಕಾದ ನೀರು 896 ಅಡಿಗೆ ಏರಿತು. ಕಟ್ಟೆ ನಿಂತಿತು. ಅಲ್ಲಿ ಹಗಲು ರಾತ್ರಿ ನಿಂತ ಗೇಟಿನ ಕೆಲಸಗಾರರು, ಇಂಜಿನಿಯರುಗಳ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ, ಕಟ್ಟಬೇಕಿತ್ತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ಹೋದವು. ಅವರಲ್ಲಿ ಬಹಳ ಮಂದಿ ಸತ್ತದ್ದು ಹೊಳೆಯಲ್ಲಿ ಅಲ್ಲ, ನೆನೆದ ಮಣ್ಣಿನ ಗೋಡೆ ಮೈಮೇಲೆ ಕುಸಿದು.

ಪೇಪರಿನಲ್ಲಿ ಬಾರದ ಸುದ್ದಿ ಪುಟ್ಟಿಯವರದ್ದು. ಪುಟ್ಟಿ ಅಂದರೆ ಹರಿಗೋಲು. ಬಿದಿರಿನ ದಬ್ಬೆ ಹೆಣೆದು, ಮೊದಲು ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹಾಕಿ ಡಾಂಬರು ಬಳಿಯುತ್ತಾರೆ. ಎಂಟು ಹತ್ತು ಮಂದಿ ಕೂಡ್ರಬಹುದು. ಸೇತುವೆ ಆದಮೇಲೆ ಪುಟ್ಟಿಗೆ ಬೆಲೆ ಇಲ್ಲ. ಮೀನಿಗೆ, ಆಚೆ ದಂಡೆಯ ಹೊಲಕ್ಕೆ ಹೋಗೋರಿಗೆ ಅಷ್ಟೇ. ಆ ರಾತ್ರಿ ಸರಕಾರದ ದೋಣಿ ಬರೋಕೆ ದಾರಿಯೇ ಇರಲಿಲ್ಲ, ರಸ್ತೆಗಳೆಲ್ಲ ನೀರೊಳಗೆ. ಪುಟ್ಟಿ ಇಟ್ಟುಕೊಂಡವರೇ ಇಳಿದರು. ತುಂಬಿದ ಹೊಳೆಗೆ ಪುಟ್ಟಿ ಹಾಕೋದು ಹುಡುಗಾಟ ಅಲ್ಲ. ಅದು ನೆಟ್ಟಗೆ ಹೋಗೋದಿಲ್ಲ, ಬುಗುರಿ ಹಂಗೆ ತಿರುಗುತ್ತದೆ, ಕೊಚ್ಚಿ ಬರೋ ಜಾಲಿ ಕಂಟಿ ಚುಚ್ಚಿದರೆ ತೂತು. ಹುಟ್ಟು ಹಾಕೋನು ಹೊಳೆಗೆ ಅಡ್ಡ ಹೋಗದೆ, ಅರ್ಧ ಮೈಲಿ ಮೇಲಕ್ಕೆ ಹೊತ್ತುಕೊಂಡು ಹೋಗಿ ಅಲ್ಲಿಂದ ಬಿಟ್ಟು, ಸೆಳವಿನ ಜೊತೆ ಓರೆಯಾಗಿ ಇಳಿಯುತ್ತ ಗುಡಿಯ ಮಾಳಿಗೆಗೋ ಬೇವಿನ ಮರಕ್ಕೋ ಹಗ್ಗ ಹಾಕಬೇಕು.

ಅಂಥ ಒಬ್ಬ ಮುದುಕನನ್ನು ಮುಂದೆ ಸಂತೆಯಲ್ಲಿ ಕಂಡೆ. ಈಚೆ ದಂಡೆಯವನು, ಮನೆ ಮಾತು ತೆಲುಗು. ಅವನು ಇಳಿಸಿ ತಂದ ಮಂದಿ ಆಚೆ ದಂಡೆಯ ಕನ್ನಡದವರು. ‘ಅಷ್ಟು ನೀರಿನಾಗ ಹೆಂಗ ಹೋದ್ಯೋ ತಾತಾ?’ ಅಂದೆ. ‘ಒದರೋದು ಕೇಳಿಸ್ತು, ಹೋದೆ’ ಅಂದ. ಬೀಡಿ ಹಚ್ಚಿಕೊಂಡು, ಇಪ್ಪತ್ತು ವರ್ಷದ ಹಿಂದೆ ತನ್ನ ಮಗಳ ಹೆರಿಗೆ ನೋವಿಗೆ ರಾತ್ರಿ ಪುಟ್ಟಿಯಲ್ಲೇ ಆಚೆ ಊರಿನ ಸೂಲಗಿತ್ತಿಯನ್ನು ಕರೆತಂದ ಕಥೆ ಶುರು ಮಾಡಿದ. ನೆರೆಯ ಕಥೆ ಅಲ್ಲಿಗೇ ಬಿಟ್ಟ.

ದನಗಳ ಮಾತು ಹೇಳಲೇಬೇಕು, ಓದುವವರು ಒಕ್ಕಲಿಗರು. ಹಗ್ಗ ಬಿಚ್ಚಿ ಬಿಟ್ಟವರ ದನ ಬಹಳ ಕಡೆ ಉಳಿದವು. ಎಮ್ಮೆ ಈಜುತ್ತದೆ, ಎತ್ತೂ ಈಜುತ್ತದೆ. ಕಟ್ಟಿ ಹಾಕಿದವು ಗ್ವಾದಲಿಯಲ್ಲೇ ಸತ್ತವು. ಗಾಬರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದವರನ್ನು ಏನೂ ಅನ್ನೋ ಹಂಗಿಲ್ಲ. ಆದರೆ ಒಂದು ಮನೆಯಲ್ಲಿ ಎದೆಮಟ್ಟ ನೀರಿನಲ್ಲಿ ಹಿಂದಕ್ಕೆ ಹೋಗಿ ತನ್ನ ಒಂದು ಜೋಡಿ ಬಿಚ್ಚಿ, ಗೋಡೆ ಆಚೆಯ ದಾಯಾದಿಯ ಜೋಡಿಯನ್ನೂ ಬಿಚ್ಚಿದ ಹುಡುಗ ನನಗೆ ಗೊತ್ತು. ಆ ಎರಡು ಮನೆಗೆ ಬದುವಿನ ಜಗಳಕ್ಕೆ ಹತ್ತು ವರ್ಷದಿಂದ ಮಾತಿರಲಿಲ್ಲ. ಈಗಲೂ ಬದುವಿನ ಕೇಸು ನಡೆದೈತಿ, ಮಾತು ಮಾತ್ರ ಶುರುವಾಗಿದೆ.

ನಮ್ಮೂರು ಹೊಳೆಗೆ ಹತ್ತು ಮೈಲಿ ದೂರ, ದಿಬ್ಬದ ಮೇಲೆ. ನೀರು ನಮಗೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಹೆಣ್ಣುಮಕ್ಕಳು ತಾವೇ ಗುಡಿ ಮುಂದೆ ಒಲೆ ಹೂಡಿದರು. ಬರಗಾಲದ ವರ್ಷ, ಹಗೇವು ಖಾಲಿ. ಆದರೂ ಮನೆಗೆ ಎರಡು ಸೇರು ಜೋಳದ ಹಿಟ್ಟು ಬಂತು. ಪಟ್ಟಣದಿಂದ ಚಿತ್ರಾನ್ನದ ಪೊಟ್ಟಣ ಲಾರಿಗಟ್ಟಲೆ ಬಂದವು, ಪುಣ್ಯವಂತರು ಕಳಿಸಿದ್ದು. ಮಾರನೇ ದಿನಕ್ಕೆ ಹಳಸಿ ಬದುವಿಗೆ ಬಿದ್ದವು. ಒಣಗಿಸಿದ ರೊಟ್ಟಿ, ಶೇಂಗಾ ಹಿಂಡಿ, ಮಂಡಾಳು ಎಂಟು ದಿನ ಉಳಿದವು. ಸಹಾಯ ಮಾಡೋ ಮನಸ್ಸಿನ ವ್ಯಾಪಾರಸ್ಥರು ಇದನ್ನು ನೆನಪಿಡಬೇಕು. ಉಗ್ಗಾಣಿ ತಿನ್ನೋ ಸೀಮೆಗೆ ಬೊರುಗುಲು ಕಳಿಸಿದರೆ ಒಲೆ ಇಲ್ಲದಿದ್ದರೂ ಹೊಟ್ಟೆ ತುಂಬುತ್ತದೆ. ಇನ್ನೊಂದು. ಲಾರಿ ಮೇಲಿಂದ ಹಳೇ ಬಟ್ಟೆ ಎಸೆದವರೂ ಇದ್ದರು. ಎಸೆದ ಸೀರೆಯನ್ನು ಎತ್ತಿಕೊಳ್ಳದೆ ಒದ್ದೆ ಸೀರೆಯಲ್ಲೇ ನಿಂತ ಹೆಂಗಸರನ್ನು ಕಂಡಿದ್ದೇನೆ. ಮೊನ್ನೆವರೆಗೂ ಕೂಲಿಯವರಿಗೆ ಊಟ ಹಾಕಿದ ಕೈ ಅವು.

ಆ ಭಾನುವಾರ, ಅಕ್ಟೋಬರ್ 4, ಶೀಗಿ ಹುಣ್ಣಿಮೆ. ತೆನೆಗಟ್ಟೋ ಪೈರಿಗೆ, ಭೂಮಿತಾಯಿಗೆ ಉಡಿ ತುಂಬೋ ಹಬ್ಬ. ಹೊಲಗಳ ಮೇಲೆ ಮೊಣಕಾಲುದ್ದ ಕೆಸರು. ಕೆಲವರು ದಿಬ್ಬದ ಮೇಲೆ ನಿಂತು ಪರಿಹಾರಕ್ಕೆ ಬಂದ ಅನ್ನದಲ್ಲೇ ಒಂದು ಹಿಡಿ ನೀರಿನ ಕಡೆ ಚೆಲ್ಲಿದರು. ಒಬ್ಬ ಅಜ್ಜಿ ಚೆಲ್ಲಲಿಲ್ಲ, ‘ಈ ಸಲ ಆಕೀನ ಉಣ್ಣಲಿ, ನಮ್ಮದೆಲ್ಲಾ ಉಂಡಾಳ’ ಅಂದಳು.

ಇನ್ನು ವ್ಯಾಪಾರದ ಕಥೆ. ಕರ್ನೂಲು ಹಳೇ ಊರಿನ ಒಬ್ಬ ಕಾಳಿನ ವ್ಯಾಪಾರಿ ನನಗೆ ಬಳಕೆ. ನೀರಿಳಿದ ಮೇಲೆ ಅಂಗಡಿಯಲ್ಲಿ ಕಡಲೆ, ತೊಗರಿ ಮೊಳಕೆ ಒಡೆದು ನಾರುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಖಾತೆ ಪುಸ್ತಕಗಳು. ಮಾಳಿಗೆ ಮೇಲೆ ಹಾಳೆ ಹಾಳೆ ಬಿಡಿಸಿ ಒಣ ಹಾಕಿದ್ದ, ಶಾಯಿ ಹರಿದು ಎಲ್ಲ ನೀಲಿ ಕಲೆ. ಯಾರು ಎಷ್ಟು ಕೊಡಬೇಕು ಅನ್ನೋದು ಅವನ ತಲೆಯಲ್ಲಿ ಅರ್ಧ, ಕೊಡೋರ ಮನಸ್ಸಿನಲ್ಲಿ ಅರ್ಧ. ಸಂಕ್ರಾಂತಿ ಹೊತ್ತಿಗೆ ಹೊಳೆ ದಂಡೆಯ ರೈತರು, ತಾವೇ ಮುಳುಗಿದವರು, ಒಬ್ಬೊಬ್ಬರೇ ಬಂದು ‘ನಂದಿಷ್ಟಿತ್ತು, ಬರಕೋ’ ಅಂದರಂತೆ. ಕೊಡೋಕೆ ರೊಕ್ಕ ಇರಲಿಲ್ಲ, ಬರೆಸೋಕೆ ಬಂದಿದ್ದರು. ಅವನೂ ಆ ವರ್ಷದ ಬಡ್ಡಿ ಹಿಡಿಯಲಿಲ್ಲ. ಎಲ್ಲರೂ ಬಂದರೇನು ಅಂತ ಕೇಳಿದೆ. ‘ಮೂಡು ವಂತುಲು ವಚ್ಚಿಂದಿ, ಒಕ ವಂತು ಪೋಯಿಂದಿ’ ಅಂದ. ಮೂರು ಪಾಲು ಬಂತು, ಒಂದು ಪಾಲು ಹೋಯಿತು. ಬಾರದವರ ಹೆಸರು ಹೇಳಲಿಲ್ಲ. ಅವರಲ್ಲಿ ಯಾರು ಮೋಸದವರು, ಯಾರು ಊರೇ ಬಿಟ್ಟು ದುಡಿಯೋಕೆ ಹೋದವರು ಅಂತ ತನಗೂ ಗೊತ್ತಿಲ್ಲ ಅಂದ.

ಹೊಳೆ ದಂಡೆಯ ಗದ್ದೆಗಳ ಮೇಲೆ ಕೆಲವೆಡೆ ಮೆಕ್ಕಲು ಕೂತಿತು, ಅದು ಲಾಭ. ಕೆಲವೆಡೆ ಮರಳು ಹೊದ್ದಿತು, ಅದನ್ನು ಟ್ರಾಕ್ಟರಿನಲ್ಲಿ ಗೋರಿ ಹಾಕಲು ಎರಡು ವರ್ಷ ಹಿಡಿಯಿತು. ಸುಂಕೇಸುಲದ ಹತ್ತಿರದ ರಾಜೋಳಿಯಲ್ಲಿ, ಈಗ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ, ನೇಕಾರರ ಮನೆ ಮಗ್ಗ ಎರಡೂ ಹೋದವು. ಕರ್ನಾಟಕ ಸರಕಾರ ದಾನಿಗಳ ನೆರವಿನಿಂದ ‘ಆಸರೆ’ ಮನೆ ಕಟ್ಟಿಸಿತು. ಎತ್ತರದ ಜಾಗ, ಸಿಮೆಂಟಿನ ಗೋಡೆ. ಆದರೂ ಬಹಳ ಊರುಗಳಲ್ಲಿ ಮಂದಿ ಹಳೇ ಊರಿಗೇ ಹೊರಳಿದರು. ಅವರನ್ನು ಮೂರ್ಖರು ಅನ್ನೋದು ಸುಲಭ. ಆ ಮನೆಗಳಲ್ಲಿ ದನ ಕಟ್ಟೋಕೆ ಜಾಗ ಇಲ್ಲ, ಮೇವು ಒಟ್ಟೋಕೆ ಜಾಗ ಇಲ್ಲ, ಹೊಲ ದೂರ. ಮನೆ ಕಟ್ಟೋ ಮುಂಚೆ ಒಂದು ಎಮ್ಮೆಯನ್ನು ಒಳಗೆ ನಿಲ್ಲಿಸಿ ಅಳತೆ ತೆಗೆದಿದ್ದರೆ ಸಾಕಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಸರಕಾರದ ಸುದ್ದಿಗಿಂತ ಮೊದಲು ನಮ್ಮ ಕಡೆ ಫೋನು ಬಂದದ್ದು ಮೇಲಿನ ಊರಿನ ಬೀಗರಿಂದ. ಅವರು ಕೆಳಗಿನವರಿಗೆ, ಕೆಳಗಿನವರು ಆಚೆ ದಂಡೆಗೆ, ಬೆಳಗಾಗುವುದರೊಳಗೆ ಎರಡು ದಂಡೆಗೂ ಗೊತ್ತಾಗಿತ್ತು. ಗೇಟಿನ ವಿದ್ಯೆ ಬಲ್ಲ ಕನ್ನಯ್ಯ ನಾಯ್ಡು ಅನ್ನೋ ವಯಸ್ಸಾದ ಇಂಜಿನಿಯರು ಬಂದು, ಹರಿಯೋ ನೀರಲ್ಲೇ ಒಂದು ವಾರದೊಳಗೆ ಅಡ್ಡ ಹಲಗೆ ಇಳಿಸಿ ಕೂಡಿಸಿದರು. ನೀರು ಊರಿಗೆ ಬರಲಿಲ್ಲ. ಆ ವಾರವೆಲ್ಲ ಹೊಳೆ ದಂಡೆಯಲ್ಲಿ ರಾತ್ರಿ ದನ ಕಟ್ಟಲಿಲ್ಲ, ಎರಡು ದಂಡೆಯಲ್ಲೂ. ಬೆಳಿಗ್ಗೆ ಎದ್ದು ಯಾರ ಎಮ್ಮೆ ಯಾರ ಭತ್ತದ ಮಡಿಗೆ ಬಿದ್ದಿದೆ ಅಂತ ಹುಡುಕೋದು, ಬೈದಾಡೋದು ನಡೆದಿತ್ತು.