ಹೇಳಿ ಮಾಡಿಸಿದ ಕತ್ತಿ, ಮೊಟಕು ಮಾಡಿಸಿದ ಕತ್ತಿ

1590ರಲ್ಲಿ ಜಪಾನಿನ ಒಬ್ಬ ಕಮ್ಮಾರ ಒಬ್ಬನೇ ಒಡೆಯನಿಗಾಗಿ ಎರಡು ಕತ್ತಿಗಳ ಬುಡಕ್ಕೆ ಉಳಿ ಇಟ್ಟು ಅಕ್ಷರ ಕೊರೆದ. ಕಮ್ಮಾರನ ಹೆಸರು ಕುನಿಹಿರೊ, ಕ್ಯೂಶೂ ದ್ವೀಪದ ಹ್ಯೂಗ ಸೀಮೆಯವನು. ಒಡೆಯ ನಾಗಾವೊ ಅಕಿನಾಗ, ಆಶಿಕಾಗ ಕೋಟೆಯ ಯಜಮಾನ. ಎರಡರಲ್ಲಿ ಒಂದು ಕುನಿಹಿರೊ ತಾನೇ ಕಾಯಿಸಿ ಬಡಿದದ್ದು, ಅಕಿನಾಗ ಹೇಳಿ ಮಾಡಿಸಿದ್ದು. ಇನ್ನೊಂದು ಆ ಹೊತ್ತಿಗಾಗಲೇ ಇನ್ನೂರು ವರ್ಷ ದಾಟಿದ್ದ ಹಳೆಯ ಕತ್ತಿ. ಬಿಜೆನ್ ಸೀಮೆಯ ಚೋಗಿ ಎಂಬ ಹೆಸರಾಂತ ಕಮ್ಮಾರನ ಕೈಯದು. ಉದ್ದ ಹೆಚ್ಚಾಯಿತೆಂದು ಅದನ್ನು ಬುಡದಿಂದ ಕತ್ತರಿಸಿ ಮೊಟಕು ಮಾಡಲಾಗಿತ್ತು. ಉಳಿದ ಬುಡದಲ್ಲಿ ಚೋಗಿಯ ರುಜು ಇರಲಿಲ್ಲ. ಕುನಿಹಿರೊ ಅಲ್ಲಿ ‘ಮೂಲ ಕೆಲಸ ಚೋಗಿಯದು’ ಎಂಬರ್ಥದ ಮಾತು ಕೊರೆದು, ಅದನ್ನು ಕೊರೆದವನು ತಾನು ಎಂದೂ ಸೇರಿಸಿದ. ಹೊಸದನ್ನು ಮಾಡಿದ್ದು ಆ ಹಳೆಯದರ ಪಡಿಯಚ್ಚಾಗಿ.

ಕೈಯಲ್ಲಿರುವ ಕತ್ತಿಯನ್ನು ತಿದ್ದಿಸಿಕೊಳ್ಳುವುದೋ, ಹೊಸದನ್ನೇ ಹೇಳಿ ಮಾಡಿಸುವುದೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಈ ಜೋಡಿ ನೆನಪಾಗುತ್ತದೆ. ಬಟ್ಟೆಯ ವಿಷಯದಲ್ಲಿ ನಾವು ಇಷ್ಟು ಯೋಚಿಸುವುದಿಲ್ಲ. ಸಡಿಲವಾದರೆ ಹಿಡಿಸುತ್ತೇವೆ, ಬಿಗಿಯಾದರೆ ಒಳಗಿನ ಮಡಿಕೆ ಬಿಡಿಸುತ್ತೇವೆ. ಜಪಾನಿನ ಕತ್ತಿಗೆ ಒಳಮಡಿಕೆ ಎಂಬುದಿಲ್ಲ. ಒಮ್ಮೆ ನೀರಿನಿಂದ ಎದ್ದು ಬಂದಮೇಲೆ ಅದರಿಂದ ತೆಗೆಯಬಹುದು, ಅದಕ್ಕೆ ಸೇರಿಸಲಾಗದು.

ಕಾರಣ ತಿಳಿಯಬೇಕಾದರೆ ಆ ನೀರಿನ ಹತ್ತಿರ ಹೋಗಬೇಕು. ಕತ್ತಿಯ ಆಕಾರವೆಲ್ಲ ಬಂದಮೇಲೆ ಕಮ್ಮಾರ ಅದಕ್ಕೆ ಮಣ್ಣು ಬಳಿಯುತ್ತಾನೆ. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿದ ಲೇಪ ಅದು. ಬೆನ್ನಿನ ಕಡೆಗೆ ದಪ್ಪ, ಬಾಯಿಯ ಕಡೆಗೆ ತೀರ ತೆಳು. ಕತ್ತಲಾದಮೇಲೆ, ದೀಪ ಆರಿಸಿ, ಕುಲುಮೆಯಲ್ಲಿ ಕತ್ತಿಯನ್ನು ಹಿಂದೆ ಮುಂದೆ ಆಡಿಸುತ್ತ ಸುಮಾರು 750ರಿಂದ 800 ಡಿಗ್ರಿವರೆಗೆ ಕಾಯಿಸುತ್ತಾನೆ. ಕತ್ತಲೇ ಏಕೆಂದರೆ ಬೆಳಕಿನಲ್ಲಿ ಕೆಂಪಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ, ಮತ್ತು ಅಲ್ಲಿ ಶಾಖದ ಅಳತೆಗೆ ಕಣ್ಣೇ ಮೀಟರು. ಬಣ್ಣ ಹದಕ್ಕೆ ಬಂದ ಕ್ಷಣ ಕತ್ತಿ ನೀರಿಗೆ. ತೆಳು ಮಣ್ಣಿನ ಬಾಯಿ ಥಟ್ಟನೆ ತಣಿದು ಗಾಜಿನಷ್ಟು ಗಡಸಾಗುತ್ತದೆ. ದಪ್ಪ ಮಣ್ಣಿನ ಬೆನ್ನು ನಿಧಾನ ತಣಿದು ಮೆತ್ತಗೆ ಉಳಿಯುತ್ತದೆ. ಗಡಸಾದ ಉಕ್ಕು ಹಿಗ್ಗುವುದರಿಂದ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ನಾವು ಮೆಚ್ಚಿ ನೋಡುವ ಆ ಬಾಗಿನ ಒಂದು ಪಾಲು ಸುತ್ತಿಗೆಯದು, ಇನ್ನೊಂದು ಪಾಲು ನೀರಿನದು. ನೀರು ಎಷ್ಟು ಬಗ್ಗಿಸೀತು ಎಂದು ಮೊದಲೇ ಎಣಿಸಿ ಕಮ್ಮಾರ ಅಷ್ಟು ಕಡಿಮೆ ಬಾಗಿಸಿ ಬಡಿದಿರಬೇಕು. ಗಡಸಿಗೂ ಮೆದುವಿಗೂ ನಡುವೆ ಮಂಜಿನಂತೆ ಏಳುವ ಬಿಳಿ ಗೆರೆಗೆ ಹಾಮೊನ್ ಎನ್ನುತ್ತಾರೆ. ಕೆಲವು ಸಲ ನೀರಿನಲ್ಲೇ ಸಣ್ಣಗೆ ಟಿಕ್ ಎಂದು ಕೇಳಿಸುತ್ತದೆ. ಬಾಯಿಗೆ ಬಿರುಕು ಬಿತ್ತೆಂದು ಅರ್ಥ. ತಿಂಗಳುಗಳ ಕೆಲಸ ಅಲ್ಲಿಗೆ ಮುಗಿಯಿತು.

ಈ ಗಡಸು ಮತ್ತೆ ಬೆಂಕಿ ಕಂಡರೆ ಕರಗಿಹೋಗುತ್ತದೆ. ಹಾಗಾಗಿ ಮುಗಿದ ಕತ್ತಿಯನ್ನು ಕುಲುಮೆಗೆ ಒಯ್ದು ಸ್ವಲ್ಪ ಎಳೆದು ಉದ್ದ ಮಾಡಿಕೊಡಿ, ಇನ್ನಷ್ಟು ಬಾಗಿಸಿ ಕೊಡಿ ಎನ್ನುವಂತಿಲ್ಲ. ಬೆಂಕಿ ಅನಾಹುತದಲ್ಲಿ ಸುಟ್ಟ ಕತ್ತಿಗಳಿಗೆ ಮತ್ತೆ ಹದ ಹಾಕಿದ್ದುಂಟು. 1615ರಲ್ಲಿ ಒಸಾಕ ಕೋಟೆ ಬಿದ್ದಾಗ ಸುಟ್ಟುಹೋದ ಪ್ರಸಿದ್ಧ ಕತ್ತಿಗಳಿಗೆ, ಅದನ್ನು ಗೆದ್ದ ತೊಕುಗಾವ ಇಯೆಯಾಸು ತನ್ನ ಕಮ್ಮಾರ ಯಾಸುತ್ಸುಗುವಿನಿಂದ ಹೀಗೆ ಮರುಜೀವ ಕೊಡಿಸಿದ. ಆದರೂ ಬಲ್ಲವರ ಕಣ್ಣಿನಲ್ಲಿ ಅಂಥವು ಬೇರೆಯೇ ಸಾಲು. ಆಕಾರ ಮೂಲದವನದು, ಹಾಮೊನ್ ಇನ್ನೊಬ್ಬನದು.

ಇನ್ನು ಮೊಟಕು ಮಾಡುವ ಕಥೆ. 14ನೆಯ ಶತಮಾನದ ಜಪಾನಿನಲ್ಲಿ ಆಳೆತ್ತರದ ಭಾರಿ ಕತ್ತಿಗಳೂ ಇದ್ದವು. ಆಗ ಕತ್ತಿಯನ್ನು ಬಾಯಿ ಕೆಳಗೆ ಮಾಡಿ ಸೊಂಟದಿಂದ ತೂಗುಬಿಡುತ್ತಿದ್ದರು. ಕಾಲ ಕಳೆದಂತೆ ನೆಲದ ಮೇಲೆ ನಿಂತು ಹೋರಾಡುವುದು ಹೆಚ್ಚಿತು, ಕತ್ತಿಯನ್ನು ಬಾಯಿ ಮೇಲೆ ಮಾಡಿ ನಡುಪಟ್ಟಿಗೆ ಸಿಕ್ಕಿಸಿಕೊಂಡು ಸರಕ್ಕನೆ ಎಳೆಯುವ ರೂಢಿ ಬಂತು. ಅಜ್ಜನ ಕತ್ತಿ ಮೊಮ್ಮಗನ ಸೊಂಟಕ್ಕೆ ಉದ್ದವಾಯಿತು. ಬಿಸಾಡುವಂತಿಲ್ಲ, ಅದು ಚೋಗಿಯದೋ ಅಂಥದೇ ಹೆಸರಾಂತ ಕಮ್ಮಾರ ಮಾಸಾಮುನೆಯದೋ ಆಗಿರಬಹುದು. ಮೊಟಕು ಮಾಡಿಸಿದರು.

ಮೊಟಕು ಮಾಡುವುದು ಎಂದಾಗ ತುದಿಯನ್ನು ಕತ್ತರಿಸುವುದು ಎಂದೇ ಹೆಚ್ಚಿನವರು ಊಹಿಸುತ್ತಾರೆ. ಹಾಗೆ ಮಾಡಿದರೆ ಕತ್ತಿಯೇ ಹೋಯಿತು. ತುದಿಯ ಹತ್ತಿರ ಹಾಮೊನ್ ಗೆರೆ ಒಳಗೊಳಗೇ ತಿರುಗಿ ಬೆನ್ನಿನ ಕಡೆಗೆ ಹೊರಳುತ್ತದೆ. ಆ ಹೊರಳುವಿಕೆಯನ್ನು ಕತ್ತಿಯ ಮುಖ ಎಂದು ತಿಳಿದು ನೋಡುವುದು ಪದ್ಧತಿ. ಆದ್ದರಿಂದ ಕತ್ತರಿಸುವುದು ಯಾವಾಗಲೂ ಬುಡದಿಂದ. ಹಿಡಿಯೊಳಗೆ ಹೊಗುವ ಬುಡದ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅಲಗು ಮುಗಿದು ನಕಾಗೊ ಶುರುವಾಗುವಲ್ಲಿ ಎರಡೂ ಕಡೆ ಒಂದೊಂದು ಕಚ್ಚು ಇರುತ್ತದೆ. ಕೆಲಸಗಾರ ಆ ಕಚ್ಚನ್ನು ಅರದಿಂದ ಉಜ್ಜಿ ಮೇಲಕ್ಕೆ ಸರಿಸುತ್ತಾನೆ, ಅಲಗಾಗಿದ್ದ ಭಾಗವನ್ನು ಸವೆಸಿ ಹೊಸ ಬುಡ ಮಾಡುತ್ತಾನೆ, ಹಿಡಿಯನ್ನು ಬಂಧಿಸುವ ಬಿದಿರು ಗೂಟಕ್ಕೆ ಹೊಸ ತೂತು ಕೊರೆಯುತ್ತಾನೆ, ಹಳೆಯ ಬುಡದ ಕೊನೆಯನ್ನು ಕತ್ತರಿಸಿ ಹಾಕುತ್ತಾನೆ. ತೀರ ಸ್ವಲ್ಪವೇ ಸಾಕಾದರೆ ಕಚ್ಚನ್ನಷ್ಟೇ ಮೇಲೆ ಸರಿಸಿ ಬುಡದ ತುದಿಯನ್ನು ಮುಟ್ಟದೆ ಬಿಡುತ್ತಾರೆ. ತೋಳು ಉದ್ದವಾದ ಅಂಗಿಯನ್ನು ಕತ್ತರಿಸದೆ ಮಡಚಿ ಹೊಲಿದ ಹಾಗೆ, ಅಂದುಕೊಳ್ಳಬಹುದು. ಆದರೆ ಉಜ್ಜಿ ತೆಗೆದ ಕಬ್ಬಿಣ ವಾಪಸು ಬರುವುದಿಲ್ಲ.

ಕತ್ತರಿಸಿದ ತುಂಡಿನ ಜೊತೆಗೆ ಹೋಗುವುದು ಕಮ್ಮಾರನ ರುಜು. ಜಪಾನಿನ ಕಮ್ಮಾರ ರುಜು ಹಾಕುವುದು ಬುಡದ ಮೇಲೆಯೇ, ಅದೂ ಎಲ್ಲ ಮುಗಿದ ಕೊನೆಗೆ. ಇದಕ್ಕೆ ಹುಡುಕಿದ ಉಪಾಯಗಳು ನನಗೆ ಬಲು ಇಷ್ಟ. ಕೆಲವು ಕತ್ತಿಗಳಲ್ಲಿ ರುಜು ಇರುವ ಭಾಗವನ್ನು ತೆಳ್ಳಗೆ ಮಾಡಿ ಕಿವಿಯ ಹಾಗೆ ಮೇಲಕ್ಕೆ ಮಡಚಿ ಹೊಸ ಬುಡದೊಳಗೆ ಕೂರಿಸಿದ್ದಾರೆ. ಅಕ್ಷರಗಳು ಅಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಇನ್ನು ಕೆಲವದರಲ್ಲಿ ರುಜುವನ್ನು ಚೌಕವಾಗಿ ಕತ್ತರಿಸಿ ತೆಗೆದು, ಗೋಡೆಗೆ ಪಟ ಹಾಕಿದಂತೆ ಹೊಸ ಬುಡದಲ್ಲಿ ಕೆತ್ತಿ ಕೂಡಿಸಿದ್ದಾರೆ.

ಎಲ್ಲರಿಗೂ ಈ ಮರ್ಯಾದೆಯ ಚಿಂತೆ ಇರಲಿಲ್ಲ ಅನ್ನಿ. 1560ರಲ್ಲಿ ಒಕೆಹಜಾಮ ಕದನದಲ್ಲಿ ಎದುರಾಳಿ ಇಮಾಗಾವ ಯೋಶಿಮೊತೊವನ್ನು ಸೋಲಿಸಿ ಕೊಲ್ಲಿಸಿದ ದಂಡನಾಯಕ ಒದ ನೊಬುನಾಗ, ಸತ್ತವನ ಕತ್ತಿಯನ್ನು ತನ್ನ ಅಳತೆಗೆ ಮೊಟಕು ಮಾಡಿಸಿ, ಬುಡದ ಒಂದು ಮಗ್ಗುಲಲ್ಲಿ ಆ ದಿನದ ತಾರೀಖನ್ನೂ ಇನ್ನೊಂದು ಮಗ್ಗುಲಲ್ಲಿ ತನ್ನ ಹೆಸರನ್ನೂ ಚಿನ್ನದಲ್ಲಿ ತುಂಬಿಸಿದ. ಹಿಡಿ ಹಾಕಿದರೆ ಯಾರಿಗೂ ಕಾಣದ ಜಾಗದಲ್ಲಿ ಚಿನ್ನ! ಆ ಕತ್ತಿ ಈಗ ಕ್ಯೋಟೊದ ಕೆಂಕುನ್ ದೇಗುಲದ ಸ್ವತ್ತು.

ಮೊಟಕು ಮಾಡಿದ ಕತ್ತಿ ಗಿಡ್ಡವಷ್ಟೇ ಆಗುವುದಿಲ್ಲ, ಬೇರೆಯೇ ಆಗುತ್ತದೆ. ಬಿಜೆನ್ ಕಮ್ಮಾರರ ಹಳೆಯ ಕತ್ತಿಗಳಲ್ಲಿ ಬಾಗು ಹೆಚ್ಚಾಗಿ ಇರುವುದೇ ಬುಡದ ಹತ್ತಿರ. ಬುಡ ಹೋದರೆ ಬಾಗಿನ ಚೆಲುವೂ ಅದರ ಜೊತೆ ಹೋಗುತ್ತದೆ. ಅಗಲವಾದ ಭಾಗ ಹೋದಮೇಲೆ ಕೈಯಲ್ಲಿ ತೂಕದ ಹದವೂ ಬದಲಾಗುತ್ತದೆ. ಹಳೆಯ ಒರೆ ಕೆಲಸಕ್ಕೆ ಬಾರದು, ಏಕೆಂದರೆ ಒರೆಯನ್ನು ಮೆದು ಮರದಲ್ಲಿ ಆ ಒಂದು ಕತ್ತಿಗೆಂದೇ ತೋಡಿರುತ್ತಾರೆ. ಮತ್ತು ಹಿಡಿ ಬಿಚ್ಚಿ ಬುಡ ನೋಡಿದರೆ ಹಾಮೊನ್ ಗೆರೆ ನಿಲ್ಲಬೇಕಾದಲ್ಲಿ ನಿಲ್ಲದೆ ತುಕ್ಕಿನೊಳಗೆ ಇಳಿದು ಹೋಗಿರುತ್ತದೆ. ಒಂದು ಕಾಲಕ್ಕೆ ಅದು ಅಲಗಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ತುಕ್ಕನ್ನು ಯಾರೂ ಉಜ್ಜಿ ತೆಗೆಯಬಾರದು. ಕತ್ತಿಯ ವಯಸ್ಸನ್ನು ಓದುವುದು ಅದರ ಬಣ್ಣದಿಂದಲೇ.

ಹೇಳಿ ಮಾಡಿಸುವವನ ಕಥೆ ಇನ್ನೊಂದು ತುದಿಯಿಂದ, ಮರಳಿನಿಂದ, ಶುರುವಾಗುತ್ತದೆ. ಶಿಮಾನೆ ಪ್ರಾಂತದ ಒಕುಇಜುಮೊದಲ್ಲಿ ಜಪಾನಿನ ಕತ್ತಿ ಸಂರಕ್ಷಣಾ ಸಂಘ 1977ರಲ್ಲಿ ಮತ್ತೆ ಹೊತ್ತಿಸಿದ ‘ತತಾರ’ ಎಂಬ ಮಣ್ಣಿನ ಕುಲುಮೆಯಿದೆ. ಚಳಿಗಾಲದಲ್ಲಿ ಮಾತ್ರ ಉರಿಯುತ್ತದೆ. ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಿಲು ನುಂಗಿ ಮೂರು ಹಗಲು ಮೂರು ರಾತ್ರಿ ಉರಿದು ಸುಮಾರು ಎರಡೂವರೆ ಟನ್ನಿನ ಒಂದು ಗಡ್ಡೆ ಕೊಡುತ್ತದೆ. ಅದರಲ್ಲಿ ಕತ್ತಿಗೆ ಆಗುವ ತಮಾಹಗಾನೆ ಉಕ್ಕು ಒಂದು ಪಾಲು ಮಾತ್ರ. ಲೋಕಕ್ಕೆ ‘ವೂಟ್ಜ್’ ಎಂದು ಪರಿಚಯವಾದ ನಮ್ಮ ಉಕ್ಕು ಮುಚ್ಚಿದ ಮೂಸೆಯಲ್ಲಿ ಕರಗಿ ಒಂದೇ ಸಮನಾಗುತ್ತಿತ್ತು. ಆ ಹೆಸರಿನ ಮೂಲ ಕನ್ನಡದ ‘ಉಕ್ಕು’ ಎನ್ನುವವರೇ ಹೆಚ್ಚು. ತಮಾಹಗಾನೆ ಹಾಗೆ ಪೂರ್ತಿ ಕರಗಿದ್ದಲ್ಲ, ಒಂದು ಕಡೆ ಗಡಸು, ಒಂದು ಕಡೆ ಮೆದು, ನಡುವೆ ಕಿಟ್ಟ. ಆದ್ದರಿಂದಲೇ ಮಡಚಿ ಮಡಚಿ ಬಡಿಯಬೇಕು. ಹದಿನೈದು ಸಲ ಮಡಚಿದರೆ 32,768 ಪದರ. ಹೆಚ್ಚು ಮಡಚಿದಷ್ಟೂ ಒಳ್ಳೆಯದು ಎಂಬುದು ಸಿನಿಮಾದ ಮಾತು. ಪ್ರತಿ ಮಡಿಕೆಗೂ ಇಂಗಾಲ ಸುಟ್ಟುಹೋಗುತ್ತದೆ, ಅತಿಯಾದರೆ ಉಕ್ಕಿನ ಗಡಸೇ ಉಳಿಯದು.

ಹೇಳಿ ಮಾಡಿಸುವುದು ಇಂದಿನ ಶೋಕಿಯಲ್ಲ. 16ನೆಯ ಶತಮಾನದಲ್ಲಿ ಬಿಜೆನ್ ಸೀಮೆಯ ಒಸಾಫುನೆಯಲ್ಲಿ ಯುದ್ಧದ ಬೇಡಿಕೆಗೆ ಕತ್ತಿಗಳು ರಾಶಿ ರಾಶಿಯಾಗಿ ಹುಟ್ಟುತ್ತಿದ್ದವು. ಅದೇ ಊರಿನಲ್ಲಿ, ಸುಕೆಸಾದ ಎಂಬ ಅದೇ ಮನೆತನದ ಹೆಸರಿನಲ್ಲಿ, ಗಿರಾಕಿ ಹೇಳಿ ಮಾಡಿಸಿದ ಕತ್ತಿಗಳೂ ಆಗುತ್ತಿದ್ದವು. ರಾಶಿಯ ಸರಕಿಗೆ ಬರೀ ಮನೆತನದ ಹೆಸರು. ಹೇಳಿ ಮಾಡಿಸಿದ್ದಕ್ಕೆ ಕಮ್ಮಾರನ ಸ್ವಂತ ಹೆಸರು, ಕೆಲವು ಸಲ ಗಿರಾಕಿಯ ಹೆಸರೂ ಸೇರಿರುತ್ತಿತ್ತು. ಈಗ ಕತ್ತಿಯ ಕಮ್ಮಾರ ಲೈಸೆನ್ಸ್ ಪಡೆಯಲು ಗುರುವಿನ ಕೈಕೆಳಗೆ ಕನಿಷ್ಠ ಐದು ವರ್ಷ ದುಡಿಯಬೇಕು, ಸಿಕ್ಕಿದ ಮೇಲೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ. ಕಾಯುವ ತಾಳ್ಮೆ ಇಲ್ಲದವನು ಆ ಬಾಗಿಲಿಗೆ ಹೋಗದಿರುವುದೇ ವಾಸಿ.

ಹೋದವನು ಏನು ಕೇಳಬಹುದು? ಉದ್ದ, ಅಗಲ, ಬಾಗು, ತುದಿಯ ಗಾತ್ರ, ಹಾಮೊನ್ ನೇರವೋ ಅಲೆಯೋ, ತೂಕ ಇಳಿಸಲು ಅಲಗಿನಲ್ಲಿ ಉದ್ದ ಕಾಲುವೆ ತೋಡಬೇಕೋ ಬೇಡವೋ, ಎಲ್ಲವನ್ನೂ. ಮೊಟಕು ಮಾಡಿಸುವವನಿಗೆ ಇರುವುದು ಉದ್ದದ ಪ್ರಶ್ನೆ ಒಂದೇ. ಉಳಿದುದನ್ನೆಲ್ಲ ಯಾರೋ ಶತಮಾನದ ಹಿಂದೆ ತೀರ್ಮಾನಿಸಿ ಹೋಗಿರುತ್ತಾರೆ. ಆದರೆ ಹೇಳಿ ಮಾಡಿಸುವವನ ಮಾತೂ ನೀರಿನ ತೊಟ್ಟಿಯವರೆಗೆ ಮಾತ್ರ ನಡೆಯುತ್ತದೆ. ಅದಕ್ಕೇ ದೊಡ್ಡ ಬೇಡಿಕೆಗೆ ಒಂದಕ್ಕಿಂತ ಹೆಚ್ಚು ಕತ್ತಿ ಬಡಿದು, ಚೆನ್ನಾಗಿ ಬಂದದ್ದನ್ನು ಒಪ್ಪಿಸಿ, ಉಳಿದದ್ದನ್ನು ಕಮ್ಮಾರ ತನ್ನ ಬಳಿ ಇಟ್ಟುಕೊಳ್ಳುವ ಪದ್ಧತಿ. ಒಪ್ಪಿಸಿದ್ದು ‘ಶಿನ್‌ಉಚಿ’, ಉಳಿದದ್ದು ‘ಕಾಗೆಉಚಿ’, ಎಂದರೆ ನೆರಳಿನ ಕತ್ತಿ.

ಹಳೆಯ ಕತ್ತಿ ಕೈಗೆ ಸಿಕ್ಕ, ಕತ್ತಿವರಸೆ ಕಲಿಯುವ ಒಬ್ಬರು ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ: ಅಲಗನ್ನು ಮುಟ್ಟಬೇಡಿ. ಹಿಡಿ ಬದಲಿಸಿ, ಉದ್ದದ್ದು ಮಾಡಿಸಿ, ‘ತ್ಸುಬ’ ಎಂಬ ಕೈಗಾಪು ಹೊಸದು ಹಾಕಿಸಿ ಭಾರವನ್ನು ಕೈಯತ್ತ ತನ್ನಿ, ನಿಮಗೊಪ್ಪುವ ಬಣ್ಣದ ಒರೆ ತೊಡಿಸಿ. ಬಿದಿರಿನ ಗೂಟ ತಟ್ಟಿದರೆ ಇವೆಲ್ಲ ಕಳಚಿ ಬರುತ್ತವೆ, ಜಪಾನೀಯರೂ ತಲೆಮಾರಿಗೊಮ್ಮೆ ಬದಲಿಸುತ್ತಲೇ ಬಂದರು. ಸಾಣೆ ಹಿಡಿಸುವುದನ್ನೂ ಹಗುರವಾಗಿ ತಿಳಿಯಬಾರದು; ಪ್ರತಿ ಸಾಣೆಗೂ ಹೊರಗಿನ ಗಡಸು ಉಕ್ಕು ಅಷ್ಟಷ್ಟು ಸವೆದು, ಕೊನೆಗೊಮ್ಮೆ ಒಳಗೆ ಹುದುಗಿಸಿದ್ದ ಮೆದು ಉಕ್ಕು ಮೊಳಕೈ ಹರಿದ ಅಂಗಿಯಂತೆ ಇಣುಕುತ್ತದೆ. ಜಪಾನಿನಲ್ಲಿ ಪ್ರತಿ ಕತ್ತಿಯ ನೋಂದಣಿ ಚೀಟಿಯಲ್ಲೂ ಉದ್ದ, ಬಾಗು, ಗೂಟದ ತೂತುಗಳ ಸಂಖ್ಯೆ, ರುಜು ಎಲ್ಲ ಬರೆದಿರುತ್ತದೆ. ಅಲಗು ಮುಟ್ಟಿದರೆ ಕತ್ತಿ ಚೀಟಿಗೆ ತಾಳೆಯಾಗದು. ಅಳತೆಯ ಕತ್ತಿಯೇ ಬೇಕೆಂದರೆ ಕಮ್ಮಾರನ ಮುಂದೆ ಕೂತು ಹೇಳಿ ಮಾಡಿಸಿ.

ಕುನಿಹಿರೊನ ಜೋಡಿಯಲ್ಲಿ ಈ ಎರಡು ದಾರಿಗಳೂ ಒಂದನ್ನೊಂದು ಹಾದುಹೋಗುತ್ತವೆ. ಅವನು ಅಚ್ಚು ತೆಗೆದದ್ದು 14ನೆಯ ಶತಮಾನದ ಉದ್ದ ಕತ್ತಿಯ ರೂಪವನ್ನಲ್ಲ, ಮೊಟಕಾದಮೇಲಿನ ರೂಪವನ್ನು: ಅಗಲ ಅಲಗು, ದೊಡ್ಡ ತುದಿ, ಸುಮಾರು 70 ಸೆಂ.ಮೀ. ಅರ ಉಜ್ಜಿ ಉಳಿಸಿದ ಆಕಾರವನ್ನು ಅವನು ಮರಳಿನಿಂದ ಶುರುಮಾಡಿ ಬೆಂಕಿಯಲ್ಲಿ ಹುಟ್ಟಿಸಿದ. ಮುಂದಿನ ಎರಡು ಮೂರು ದಶಕ ಜಪಾನಿನ ಹೊಸ ಕತ್ತಿಗಳೆಲ್ಲ ಹೆಚ್ಚು ಕಡಿಮೆ ಇದೇ ಮೈಕಟ್ಟಿನಲ್ಲಿ ಬಂದವು. ಅಜ್ಜನ ಅಂಗಿಯನ್ನು ಹಿಡಿಸಿದ್ದೇ ಮೊಮ್ಮಕ್ಕಳ ಕಾಲದ ಫ್ಯಾಶನ್ ಆದಂತೆ. ಬೆಟ್ಟದ ರಾಕ್ಷಸಿಯನ್ನು ಕಡಿದದ್ದು ಎಂಬರ್ಥದ ‘ಯಾಮಾನ್‌ಬಾಗಿರಿ’ ಹೆಸರಿನಲ್ಲಿ ಕುನಿಹಿರೊ ಮಾಡಿದ ಆ ಕತ್ತಿ ಪ್ರಸಿದ್ಧ. 2015ರಲ್ಲಿ ಬಂದ ‘ತೋಕೆನ್ ರಾಂಬು’ ಎಂಬ ಕಂಪ್ಯೂಟರ್ ಆಟದಲ್ಲಿ ಈ ಕತ್ತಿ ಒಬ್ಬ ಯುವಕ. ತಾನು ಬರೀ ನಕಲು ಎಂಬ ಕೊರಗಿನಲ್ಲಿ ಸದಾ ಬಟ್ಟೆಯ ಮುಸುಕು ಹೊದ್ದಿರುತ್ತಾನೆ. ಪಾಪ, ಅವನಿಗೆ ತನ್ನ ಬುಡದ ಅಕ್ಷರಗಳನ್ನು ಯಾರಾದರೂ ಓದಿ ಹೇಳಬೇಕಿತ್ತು.

ಅಕಿನಾಗನ ಹೆಸರಿನ ಜೊತೆ ಆ ಬುಡದಲ್ಲಿರುವುದು 1590ರ ಎರಡನೆಯ ತಿಂಗಳು. ಚೋಗಿಯ ಕತ್ತಿ ನಾಗೋಯದ ತೊಕುಗಾವ ಕಲಾ ಸಂಗ್ರಹಾಲಯದಲ್ಲಿದೆ. ಅದರ ಬುಡಕ್ಕೆ ಕುನಿಹಿರೊ ಉಳಿ ಇಟ್ಟದ್ದು ಐದನೆಯ ತಿಂಗಳ ಮೂರನೆಯ ದಿನ. ಅಷ್ಟು ಹೊತ್ತಿಗೆ ಅಕಿನಾಗ ನೆಚ್ಚಿದ್ದ ಹೋಜೊ ಮನೆತನದ ಒದವಾರ ಕೋಟೆಯನ್ನು ಅವರ ಶತ್ರು ದಂಡನಾಯಕ ಹಿದೆಯೋಶಿಯ ಸೈನ್ಯ ಸುತ್ತುಗಟ್ಟಿತ್ತು. ಅಕ್ಷರಗಳ ಲೆಕ್ಕದಲ್ಲಿ ನಕಲೇ ಅಸಲಿಗಿಂತ ಮೂರು ತಿಂಗಳು ಹಿರಿದು.